ಕ್ಸೆನಾನಿಗೆ ಬಂದ ಸಂಬಂಧ

ಹುಡುಗಿಯರು ನನ್ನ ಬೆನ್ನ ಹಿಂದೆ ನನ್ನನ್ನು ‘ನೋಬಲ್ ಗ್ಯಾಸ್’ ಎಂದು ಕರೆಯುತ್ತಾರೆಂಬುದು ನನಗೆ ಬಹಳ ವರ್ಷಗಳಿಂದ ಗೊತ್ತಿತ್ತು. ಹೆಸರಿಟ್ಟವಳಿಗೆ ಪಾಠವಾದರೂ ತಲೆಗೆ ಹತ್ತಿದೆಯಲ್ಲ ಎಂದು ಒಳಗೊಳಗೇ ಹಿಗ್ಗಿದ್ದೆ. ಆವರ್ತಕ ಕೋಷ್ಟಕದ ಬಲತುದಿಯಲ್ಲಿ ಗೋಡೆಗೊರಗಿ ನಿಂತಿರುವ ಆ ಸಾಲಿನವರು ಯಾರ ಹತ್ತಿರವೂ ಏನನ್ನೂ ಕೇಳುವುದಿಲ್ಲ, ಯಾರಿಗೂ ಏನನ್ನೂ ಕೊಡುವುದಿಲ್ಲ, ಯಾರೊಂದಿಗೂ ಕೂಡುವುದಿಲ್ಲ. ನನಗೆ ಮೂವತ್ತೊಂಬತ್ತು ವರ್ಷ. ಕೀಲ್ಪಾಕ್‌ನ ಹೆಣ್ಣುಮಕ್ಕಳ ಶಾಲೆಯಲ್ಲಿ ಪ್ಲಸ್ ಟು ಕೆಮಿಸ್ಟ್ರಿ ಪಾಠ, ಕೈಯಲ್ಲಿ ಸೀಮೆಸುಣ್ಣ, ಮೂಗಿನ ತುದಿಯಲ್ಲಿ ಕೋಪ. ಹೆಸರು ಶ್ರೀಪ್ರಿಯಾ. ಇಂಥವಳಿಗೆ ಎರಡು ಸಾವಿರದ ನಾಲ್ಕನೇ ಇಸವಿಯ ಬೇಸಿಗೆಯಲ್ಲಿ ಇದ್ದಕ್ಕಿದ್ದಂತೆ ಮದುವೆಯಾಗಬೇಕು ಅನ್ನಿಸಿತು.

ಬರೀ ಮದುವೆಯಲ್ಲ, ಹರಿದಾಸರನ್ನೇ ಆಗಬೇಕು ಅನ್ನಿಸಿತು.

ಹರಿದಾಸರದು ಉಡುಪಿ ಕಡೆ. ಇಲ್ಲಿ ನಮ್ಮ ಶಾಲೆಗೆ ಸಮೀಪದ ಮೆಡಿಕಲ್ ಕಾಲೇಜಿನ ಹತ್ತಿರ ಅವರದೊಂದು ಹೋಟೆಲು. ವಯಸ್ಸು ನಲವತ್ತನಾಲ್ಕು. ಹೋಟೆಲನ್ನು ಕಾಲ ಮೇಲೆ ನಿಲ್ಲಿಸುವಷ್ಟರಲ್ಲಿ ಮದುವೆಯ ವಯಸ್ಸು ದಾಟಿಹೋಯಿತೆಂದು ತಮ್ಮ ಬಗ್ಗೆ ತಾವೇ ತಮಾಷೆ ಮಾಡಿಕೊಳ್ಳುವ ಮನುಷ್ಯ. ಶನಿವಾರ ಮಧ್ಯಾಹ್ನ ಪರೀಕ್ಷೆಯ ಪೇಪರುಗಳ ಕಟ್ಟು ಹೊತ್ತುಕೊಂಡು ನಾನು ಅಲ್ಲಿಗೆ ಹೋಗುತ್ತಿದ್ದೆ. ಮನೆಯಲ್ಲಿ ಪೇಪರು ತಿದ್ದಲು ಕೂತರೆ ಅಮ್ಮ ಹತ್ತು ಸಲ ಕರೆಯುತ್ತಾಳೆ. ಇಲ್ಲಿ ಮೂಲೆಯ ಟೇಬಲು, ಮೇಲೆ ಫ್ಯಾನು, ಕೇಳದೆಯೇ ಬರುವ ಎರಡನೇ ಲೋಟ ಕಾಫಿ. ಆ ಎರಡನೇ ಲೋಟವನ್ನು ತಾವೇ ತಂದು ಎದುರಿಗೆ ಕೂರುವ ಅಭ್ಯಾಸ ಹರಿದಾಸರಿಗೆ ಯಾವಾಗ ಶುರುವಾಯಿತೋ ನಾನು ಗಮನಿಸಲಿಲ್ಲ. ಗಮನಿಸುವಷ್ಟರಲ್ಲಿ ಅದು ನನ್ನ ಶನಿವಾರವೇ ಆಗಿಹೋಗಿತ್ತು.

ಒಂದು ಶನಿವಾರ ನನ್ನ ಕೆಂಪು ಪೆನ್ನು ಪೇಪರನ್ನು ಹರಿದು ಟೇಬಲ್ಲಿನವರೆಗೂ ಇಳಿಯಿತು.

“ಎಂತ ಆಯ್ತು ಟೀಚರೇ?” ಎಂದರು ಹರಿದಾಸರು.

“ಇಡೀ ಕ್ಲಾಸಿಗೆ ಕ್ಲಾಸೇ ತಪ್ಪು ಬರೆದಿದೆ. ಎಲೆಕ್ಟ್ರೋನೆಗೆಟಿವಿಟಿ ಕೆಳಗೆ ಹೋದಷ್ಟೂ ಹೆಚ್ಚಾಗುತ್ತದಂತೆ. ನಾನು ಗಂಟಲು ಹರಿದುಕೊಂಡದ್ದೆಲ್ಲ ಗೋಡೆಗೆ.”

“ಹಾಗಂದ್ರೆ ಎಂತದು?”

ಪ್ರಶ್ನೆ ಕೇಳಿದವರನ್ನು ನಾನು ಸುಮ್ಮನೆ ಬಿಡುವವಳಲ್ಲ. “ಎರಡು ಪರಮಾಣು ಕೂಡಿದಾಗ ಮಧ್ಯದಲ್ಲಿ ಎಲೆಕ್ಟ್ರಾನುಗಳನ್ನು ಹಂಚಿಕೊಳ್ಳುತ್ತವೆ. ಆ ಹಂಚಿಕೊಂಡದ್ದನ್ನು ತನ್ನ ಕಡೆಗೆ ಎಳೆದುಕೊಳ್ಳುವ ಗುಣವೇ ಎಲೆಕ್ಟ್ರೋನೆಗೆಟಿವಿಟಿ. ಒಂಟಿಯಾಗಿ ಇದ್ದಾಗ ಆ ಮಾತೇ ಇಲ್ಲ. ಜೊತೆಗೊಬ್ಬರು ಬೇಕು, ಆಮೇಲೆ ಎಳೆದಾಟ.”

“ಗೊತ್ತಾಯ್ತು. ದೊಡ್ಡದಾದಷ್ಟೂ ಜಾಸ್ತಿ ಎಳೀತದೆ ಅಲ್ವಾ?”

“ಅದೇ ತಪ್ಪನ್ನೇ ಇವರೆಲ್ಲ ಬರೆದಿರುವುದು” ಎಂದು ಪೇಪರಿನ ಕಟ್ಟನ್ನು ಅವರ ಮುಂದೆ ತಳ್ಳಿದೆ. ಅವರು ಕಟ್ಟನ್ನು ಹುಷಾರಾಗಿ ಪಕ್ಕಕ್ಕಿಟ್ಟು, ಕಾಫಿಯನ್ನು ನನ್ನ ಕಡೆಗೆ ಸರಿಸಿದರು. ಆ ತಣ್ಣನೆಯ ಸ್ವಭಾವ ಕಂಡರೆ ನನಗೆ ಇನ್ನೂ ಕೋಪ, ಇನ್ನೂ ಏನೇನೋ.

ಅವರ ಹೋಟೆಲನ್ನೇ ಹಿಡಿದು ಪಾಠ ಮಾಡಿದೆ. ಗಲ್ಲಾದ ಮೇಲೆ ಕೂತ ಯಜಮಾನ ನ್ಯೂಕ್ಲಿಯಸ್, ಗಿರಾಕಿಗಳು ಎಲೆಕ್ಟ್ರಾನುಗಳು. ಒಂದೇ ಸಾಲು ಟೇಬಲ್ ಇರುವ ಪುಟ್ಟ ಹೋಟೆಲಿನಲ್ಲಿ ಯಜಮಾನನ ಕಣ್ಣು ಎಲ್ಲರ ಮೇಲೂ ಇರುತ್ತದೆ. ಬಾಗಿಲಲ್ಲಿ ನಿಂತು ಒಳಗೆ ಹೋಗಲೋ ಬೇಡವೋ ಎಂದು ಯೋಚಿಸುವವನನ್ನೂ ‘ಬನ್ನಿ ಬನ್ನಿ’ ಎಂದು ಒಳಗೆ ಎಳೆದುಕೊಳ್ಳುತ್ತಾನೆ. ಅದೇ ಆರು ಸಾಲು ಟೇಬಲ್ ಇರುವ ದೊಡ್ಡ ಹೋಟೆಲಾದರೆ ಕಡೆಯ ಸಾಲಿನವನು ಯಜಮಾನನಿಗೆ ಕಾಣುವುದೇ ಇಲ್ಲ, ಮುಂದೆ ಕೂತವರ ಬೆನ್ನು ಅಡ್ಡ. ಅವನು ಬೇಸತ್ತು ಎದ್ದು ಪಕ್ಕದ ಹೋಟೆಲಿಗೆ ಹೋದರೂ ಗೊತ್ತಾಗುವುದಿಲ್ಲ. ಕೋಷ್ಟಕದಲ್ಲಿ ಮೇಲಿನಿಂದ ಕೆಳಗೆ ಇಳಿಯುವುದೆಂದರೆ ಇದೇ, ಮೆಟ್ಟಿಲಿಗೊಂದು ಸಾಲು ಟೇಬಲ್ ಹೆಚ್ಚುತ್ತದೆ, ಸೆಳೆತ ಸಡಿಲವಾಗುತ್ತದೆ.

“ಮತ್ತೆ ಎಡದಿಂದ ಬಲಕ್ಕೆ?”

“ಟೇಬಲಿನ ಸಾಲು ಅಷ್ಟೇ. ಗಲ್ಲಾದಲ್ಲಿ ಮಾತ್ರ ನಿಮ್ಮ ಜೊತೆಗೆ ನಿಮ್ಮ ತಮ್ಮ ಬಂದು ಕೂತ, ಆಮೇಲೆ ಭಾವಮೈದುನ, ಆಮೇಲೆ ಸೋದರಳಿಯ. ಕರೆಯುವ ಬಾಯಿ ಹೆಚ್ಚಾಯಿತು, ಕೋಣೆ ಅಷ್ಟೇ ಇದೆ. ಸೆಳೆತ ಏರುತ್ತಲೇ ಹೋಗುತ್ತದೆ. ಅದಕ್ಕೇ ಬಲಗಡೆ ಮೇಲುತುದಿಯ ಫ್ಲೋರಿನ್‌ಗೆ ಎಲ್ಲರಿಗಿಂತ ಹೆಚ್ಚು, ನಾಲ್ಕು. ಅದರ ಪಕ್ಕದ ಆಮ್ಲಜನಕಕ್ಕೆ ಮೂರೂವರೆ. ಎಡಗಡೆ ಕೆಳತುದಿಯ ಸೀಸಿಯಮ್ಮು ಒಂದಕ್ಕೂ ಕಡಿಮೆ, ಕೇಳಿದವರಿಗೆಲ್ಲ ಕೊಟ್ಟು ಕೈ ತೊಳೆದುಕೊಳ್ಳುತ್ತದೆ.”

ಹರಿದಾಸರು ಲೋಟವನ್ನು ತಿರುಗಿಸುತ್ತಾ ಕೂತರು. ಆಮೇಲೆ ಬಹಳ ಸಾಧುವಾಗಿ, “ಈ ನೋಬಲ್ ಗ್ಯಾಸಿನವರು ಯಾರ ಜೊತೆಗೂ ಕೂಡುದೇ ಇಲ್ವಾ ಟೀಚರೇ?” ಎಂದರು.

ನನ್ನ ಕಿವಿ ಬಿಸಿಯಾಯಿತು. ಶಾಲೆಯ ಹುಡುಗಿಯರೆಲ್ಲ ಇಲ್ಲೇ ಬಂದು ದೋಸೆ ತಿನ್ನುವುದು. ಆದರೂ ನಾನು ಮೇಷ್ಟ್ರು, ಸುಳ್ಳು ಪಾಠ ಮಾಡುವ ಹಾಗಿಲ್ಲ. “ಮೇಲಿನವರು ಕೂಡುವುದಿಲ್ಲ. ಹೀಲಿಯಮ್ಮು, ನಿಯಾನು, ಅವು ಪುಟ್ಟವು, ತಮ್ಮದನ್ನು ಗಟ್ಟಿಯಾಗಿ ಹಿಡಿದುಕೊಂಡಿರುತ್ತವೆ. ಕೆಳಗಿರುವ ಕ್ಸೆನಾನ್ ಮಾತ್ರ ಬೇರೆ. ಅದರ ಹೊರಗಿನ ಸಾಲು ದೂರ, ಹಿಡಿತ ಸಡಿಲ. ಅದೂ ಕೂಡಲಾರದೆಂದೇ ಎಲ್ಲರೂ ಎಷ್ಟೋ ಕಾಲ ನಂಬಿದ್ದರು. ನಾನು ಹುಟ್ಟುವುದಕ್ಕೆ ಎರಡು ಮೂರು ವರ್ಷ ಮುಂಚೆ ಗೊತ್ತಾಯಿತು, ಗಟ್ಟಿಯಾಗಿ ಎಳೆಯುವವರು ಸಿಕ್ಕಿದರೆ ಅದೂ ಕೂಡುತ್ತದೆಂದು. ಫ್ಲೋರಿನ್ ಜೊತೆ, ಇಲ್ಲವೇ ಆಮ್ಲಜನಕದ ಜೊತೆ.”

“ಹಾಗಾದ್ರೆ ಕೇಳಬಹುದು” ಎಂದರು ಹರಿದಾಸರು.

“ಏನನ್ನು?”

“ಅದನ್ನೇ.”

ಆಮ್ಲಜನಕದೊಂದಿಗೆ ಕೂಡಿದ ಕ್ಸೆನಾನ್ ತುಸು ಅಲುಗಾಡಿದರೂ ಸಿಡಿಯುತ್ತದೆ ಎಂಬ ಇನ್ನೊಂದು ಸತ್ಯವನ್ನು ನಾನು ಹೇಳಲಿಲ್ಲ. ಅಷ್ಟು ದಿನದಿಂದ ನನ್ನ ಕೋಪ ಕಂಡವರಿಗೆ ಅದು ಗೊತ್ತಿರಲೇಬೇಕು. ಪೇಪರುಗಳನ್ನು ಎತ್ತಿಕೊಂಡು ಮನೆಗೆ ಹೊರಟೆ. ನೀರಿನ ಲಾರಿಯ ಹಿಂದೆ ಕೊಡ ಹಿಡಿದು ಓಡುತ್ತಿದ್ದ ಹೆಂಗಸರ ನಡುವೆ ನಾನೂ ಸುಮ್ಮಸುಮ್ಮನೆ ನಗುತ್ತಾ ಓಡಿದೆ. ಆ ದಿನದ ಪೇಪರುಗಳಲ್ಲಿ ತಪ್ಪಿಗೂ ಮಾರ್ಕು ಬಿತ್ತು ಎಂದು ಆಮೇಲೆ ತಿಳಿಯಿತು.

ಮನೆಯ ಬಾಗಿಲಿಗೆ ಬರುತ್ತಲೇ ನಗು ನಿಂತಿತು. ಒಳಗೆ ಫ್ಲೋರಿನ್ ಕೂತಿತ್ತು.

ನನ್ನ ಅಮ್ಮ ಭೀಮಾಬಾಯಿ ಎಪ್ಪತ್ತೆರಡು ವರ್ಷದ, ಹಿಡಿಯಷ್ಟು ಆಕಾರದ ಹೆಂಗಸು. ಆಕಾರ ಚಿಕ್ಕದಾದಷ್ಟೂ ಸೆಳೆತ ಹೆಚ್ಚು ಎಂಬುದಕ್ಕೆ ನನಗೆ ಪುಸ್ತಕ ಬೇಕಿರಲಿಲ್ಲ. ಬೆಳಗಿನ ಸುದ್ದಿ ಪೇಪರು ಬಂದರೆ ಮೊದಲು ಅವಳಿಗೆ, ಫ್ಯಾನು ಅವಳ ಕಡೆಗೆ, ಬೀದಿಯ ಸುದ್ದಿಯೆಲ್ಲ ಅವಳ ಮಣೆಯ ಮುಂದೆ. ಅಣ್ಣ ಸತ್ಯಾತ್ಮನಿಗೆ ಕೊಯಮತ್ತೂರಿಗೆ ವರ್ಗವಾದಾಗ ಅವನ ಮಗಳು ವೃಂದಾಳನ್ನು ಓದು ಕೆಡುತ್ತದೆಂದು ಇಲ್ಲೇ ಉಳಿಸಿಕೊಂಡದ್ದೂ ಅಮ್ಮನೇ. ಇನ್ನು ನಾನು. ಬಂದ ಒಂದೊಂದು ಗಂಡಿಗೂ ಅವಳಿಗೆ ಒಂದೊಂದು ಕೊರತೆ ಕಂಡಿತು. ಅಪ್ಪ ಹೋದಮೇಲೆ ಆ ಮಾತೇ ನಿಂತುಹೋಯಿತು. ಅಪ್ಪ ಹೋದದ್ದು ಒಂದು ಏಕಾದಶಿಯ ಬೆಳಗ್ಗೆ. ಎಂಥ ಪುಣ್ಯಾತ್ಮ, ಎಂಥ ದಿನ ಆರಿಸಿಕೊಂಡ ಎಂದು ಬಂದವರೆಲ್ಲ ಹೇಳಿದರು. ಅಮ್ಮ ಅವನ ಬಾಯಿಗೆ ತುಳಸಿ ತೀರ್ಥ ಬಿಟ್ಟು, ಕಣ್ಣೀರು ಹಾಕದೆ ಕೂತಿದ್ದಳು. ಅವತ್ತಿನಿಂದ ಅವಳ ಹಿಡಿತವೆಲ್ಲ ನನ್ನೊಬ್ಬಳ ಮೇಲೆ. ಅವಳು ನನ್ನನ್ನು ಬಿಟ್ಟುಕೊಟ್ಟರೆ ನನಗೆ ಹರಿದಾಸರು. ಕೊಡದಿದ್ದರೆ ನಾನು ಅವಳನ್ನು ಅಳಿಸಿ ಹೋಗುವವಳಲ್ಲ. ಆ ಬೇಸಿಗೆಯಲ್ಲಿ ನನ್ನ ಎದುರಿಗಿದ್ದ ಲೆಕ್ಕ ಅಷ್ಟೇ.

ವೃಂದಾಗೆ ಹೇಳಿದೆ. ಅವಳು ಹನ್ನೊಂದನೇ ಕ್ಲಾಸು ಮುಗಿಸಿದವಳು, ನಾವು ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಉತ್ತರ ಕೊಡುವ ಹುಡುಗಿ. ಮೊಟ್ಟೆಮಾಡಿಯಲ್ಲಿ, ಅಂದರೆ ತಾರಸಿಯಲ್ಲಿ, ಬಟ್ಟೆ ಒಣಹಾಕುತ್ತಿದ್ದವಳು ಬಕೆಟ್ಟನ್ನು ಕೆಳಗಿಟ್ಟು ಕುಣಿದಳು.

“ಸೂಪರ್ ಅತ್ತೆ. ಆನಾ ಅಜ್ಜಿ? ದ್ವಾದಶಿ ತಾನ್ ಒರೇ ವಳಿ.”

ಆದರೆ ಅಜ್ಜಿ? ದ್ವಾದಶಿಯೊಂದೇ ದಾರಿ. ಅವಳು ಹೇಳಿದ್ದು ಸರಿಯೇ. ಏಕಾದಶಿಯ ದಿನ ಅಮ್ಮ ತೀರ್ಥದ ಹೊರತು ಒಂದು ಹನಿ ನೀರನ್ನೂ ಮುಟ್ಟುವವಳಲ್ಲ. ಮರುದಿನ ಸೂರ್ಯ ಹುಟ್ಟುತ್ತಲೇ ಪಾರಣೆಯ ಊಟ ಮಾಡಿ, ಹೊಟ್ಟೆ ತಣ್ಣಗಾಗಿ ಗೋಡೆಗೊರಗಿ ಕೂರುತ್ತಾಳೆ. ಆ ಹೊತ್ತಿನಲ್ಲಿ ಏನು ಕೇಳಿದರೂ ಹೂಂ ಅನ್ನುತ್ತಾಳೆ. ನಮ್ಮ ಮನೆಯಲ್ಲಿ ಎಲ್ಲ ಅರ್ಜಿಗಳೂ ದ್ವಾದಶಿಯ ಬೆಳಗ್ಗೆಯೇ ಮಂಜೂರಾದದ್ದು. ಕಲರ್ ಟೀವಿ, ಮಿಕ್ಸಿ, ವೃಂದಾಳ ಶಾಲೆಯ ಊಟಿ ಪ್ರವಾಸ, ಎಲ್ಲ. ಅಮ್ಮನಿಗೆ ಈ ಗುಟ್ಟು ಗೊತ್ತಿಲ್ಲವೆಂದು ಅಪ್ಪನಿಂದ ವೃಂದಾಳವರೆಗೆ ನಾವು ಮೂರು ತಲೆಮಾರಿನವರೂ ನಂಬಿದ್ದೆವು.

ಮುಂದಿನ ಶನಿವಾರ ಹರಿದಾಸರಿಗೆ ಕಟ್ಟಪ್ಪಣೆ ಮಾಡಿದೆ. “ವೈಶಾಖ ಬಹುಳ ದ್ವಾದಶಿ, ಬೆಳಗ್ಗೆ ಎಂಟಕ್ಕೆ. ಒಂದು ದಿನ ಹಿಂದೆ ಅಲ್ಲ, ಒಂದು ದಿನ ಮುಂದೆ ಅಲ್ಲ.”

“ಆಯ್ತು. ದ್ವಾದಶಿ ಬೆಳಿಗ್ಗೆ ನಾನೂ ಅಕ್ಕನೂ ಬರ್ತೇವೆ” ಎಂದರು ಅವರು.

ಇಲ್ಲೇ ನಾವು ಇಬ್ಬರೂ ಮಣ್ಣು ತಿಂದದ್ದು. ಬೇರೆ ಯಾರಾದರೂ ಆಗಿದ್ದರೆ ಭಾನುವಾರವೋ ಸೋಮವಾರವೋ ಎಂದು ಹೇಳಿಕೊಳ್ಳುತ್ತಿದ್ದರು. ತಿಥಿಯಲ್ಲೇ ಹುಟ್ಟಿ ತಿಥಿಯಲ್ಲೇ ಬೆಳೆದ ನಮಗೆ ಅದು ಹೊಳೆಯಲೇ ಇಲ್ಲ.

ಅದಾಗಿ ಎಂಟು ದಿನಕ್ಕೆ, ಭಾನುವಾರ, ನಮ್ಮ ಮನೆಯಲ್ಲಿ ಏಕಾದಶಿ. ಮೇ ತಿಂಗಳ ಕತ್ತರಿ ಬಿಸಿಲು ಬೆಳಗ್ಗೆಯೇ ಕಿಟಕಿಯೊಳಗೆ ಇಳಿದಿತ್ತು. ಒಲೆ ಹಚ್ಚಿರಲಿಲ್ಲ. ಅಮ್ಮ ಜಪಮಾಲೆ ಹಿಡಿದು ಮಣೆಯ ಮೇಲೆ ಕೂತಿದ್ದಳು. ನಾನು ಹಳೆಯ ಸೀರೆಯಲ್ಲಿ, ತಲೆಗೆ ಒಂದು ಗಂಟು ಬಿಗಿದುಕೊಂಡು, ನಾಳೆಗೆಂದು ಮನೆಯ ಜೇಡರ ಬಲೆ ಹೊಡೆಯುತ್ತಿದ್ದೆ. ಬಾಗಿಲ ಬೆಲ್ ಆಯಿತು. ಬಾಗಿಲು ತೆರೆದ ವೃಂದಾ ಓಡಿ ಬಂದಳು.

“ಅತ್ತೆ, ಹೋಟೆಲ್ ಅಂಕಲ್ ವಂದಿರುಕ್ಕಾರು. ನಿಜಮಾ.”

ಹರಿದಾಸರು ಇಸ್ತ್ರಿ ಮಾಡಿದ ಬಿಳಿ ಷರಟಿನಲ್ಲಿ, ಎರಡೂ ಕೈಯಲ್ಲಿ ಎತ್ತರದ ಸ್ಟೀಲು ಕ್ಯಾರಿಯರ್ ಹಿಡಿದು ನಿಂತಿದ್ದರು. ಹಿಂದೆ ಅವರ ಅಕ್ಕ ವಿನೋದಾ, ರೇಷ್ಮೆ ಸೀರೆ, ಕೈಯಲ್ಲಿ ಮೂರನೇ ಕ್ಯಾರಿಯರ್. ತುಪ್ಪದ ಘಮ ಅವರಿಗಿಂತ ಮುಂಚೆ ಒಳಗೆ ಬಂದಿತು. ಅನ್ನ ಮುಟ್ಟಿದರೆ ಪಾಪ ಎನ್ನುವ ದಿನ, ಅನ್ನದ ಪಾತ್ರೆ ಹೊತ್ತು ನನ್ನ ಗಂಡನಾಗುವವನು ಹೊಸ್ತಿಲಲ್ಲಿ ನಗುತ್ತಿದ್ದ.

“ನಾಳೆ ಅಲ್ಲವೇನ್ರೀ ಹೇಳಿದ್ದು?” ಎಂದೆ. ನನ್ನ ಕೈಯಲ್ಲಿ ಇನ್ನೂ ಜೇಡದ ಪೊರಕೆ.

“ದ್ವಾದಶಿ ಅಲ್ವಾ ಇವತ್ತು? ನಿನ್ನೆ ಉಪವಾಸ ಮಾಡಿದ್ದೇವಲ್ಲ ನಾವು.”

ವಿನೋದಕ್ಕ ಮನೆಯೊಳಗೆ ಒಮ್ಮೆ ನೋಡಿದರು. ಹಚ್ಚದ ಒಲೆ, ಒಣಗಿದ ತುಟಿಗಳು. “ಅಯ್ಯೋ ದೇವರೇ. ಇವರಿಗೆ ಇವತ್ತು ಏಕಾದಶಿ ಮಾರಾಯ.”

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವರ ಮಠದ ಪಂಚಾಂಗ ಬೇರೆ, ನಮ್ಮ ಮಠದ ಪಂಚಾಂಗ ಬೇರೆ. ವರ್ಷದಲ್ಲಿ ಎಲ್ಲೋ ಒಂದೆರಡು ಸಲ ಎರಡಕ್ಕೂ ಒಂದು ದಿನ ಹಿಂದೆಮುಂದೆ ಆಗುತ್ತದೆ. ದಶಮಿಯ ಚೂರು ಬೆಳಗಿನ ಜಾವಕ್ಕೆ ತಾಗಿತೋ ಇಲ್ಲವೋ ಎಂಬ ಕೂದಲೆಳೆಯ ಲೆಕ್ಕ ಅದು. ತಾಗಿತು ಎಂದರೆ ಏಕಾದಶಿ ಮರುದಿನಕ್ಕೆ ಹೋಗುತ್ತದೆ. ಆ ಒಂದೆರಡು ಸಲದಲ್ಲಿ ಒಂದು ನನ್ನ ಪಾಲಿಗೆ ಬಂದಿತ್ತು.

“ಯಾರೇ ಪ್ರಿಯಾ ಬಂದಿರೋದು?” ಒಳಗಿನಿಂದ ಅಮ್ಮನ ಧ್ವನಿ.

ಇನ್ನು ಮುಚ್ಚಿಡುವುದೇನಿತ್ತು. ಕ್ಯಾರಿಯರುಗಳನ್ನು ಚಪ್ಪಲಿಯ ಹತ್ತಿರ ಇಡಿಸಿದೆ. ಕೆಳಗೆ ನೀರಿನ ಲಾರಿ ಬಂದಿತ್ತು, ಸಾಲು ಬೀದಿ ತಿರುವಿನವರೆಗೂ ನಿಂತಿತ್ತು. ವೃಂದಾ ಎರಡು ಸುತ್ತು ಓಡಾಡಿ ಮೂರೂ ಕ್ಯಾರಿಯರನ್ನು ಕೆಳಗೆ ಒಯ್ದು ಸಾಲಿನವರಿಗೆಲ್ಲ ಹಂಚಿಬಿಟ್ಟಳು. ಆ ದಿನ ನಮ್ಮ ಬೀದಿಯಲ್ಲಿ ನೀರಿಗಿಂತ ಮುಂಚೆ ಕಡುಬು ಸಿಕ್ಕಿತು.

ಹರಿದಾಸರು ಅಮ್ಮನಿಗೆ ದೂರದಿಂದಲೇ ನಮಸ್ಕಾರ ಮಾಡಿ ಕೂತರು. ಅಮ್ಮ ಮೊದಲು ಕೇಳಿದ್ದು ಅವರ ಹೆಸರನ್ನಲ್ಲ.

“ನಿಮಗೆ ನಿನ್ನೆಯೇ ಆಯ್ತಾ? ದಶಮಿ ವೇಧ ಇತ್ತಲ್ಲ ನಿನ್ನೆ.”

“ನಮ್ಮ ಲೆಕ್ಕದಲ್ಲಿ ಇರ್ಲಿಲ್ಲ ಅಮ್ಮ.”

“ನಿಮ್ಮ ಲೆಕ್ಕ ನಿಮಗೆ” ಎಂದಳು ಅಮ್ಮ. “ನಿರ್ಜಲ ಮಾಡಿದಿರಾ?”

“ಮಾಡಿದ್ದೆ. ಸಂಜೆ ಹೋಟೆಲಲ್ಲಿ ಸಾಂಬಾರಿನ ಪರಿಮಳ ಬಂತು ನೋಡಿ, ಆಗ ಸ್ವಲ್ಪ ಕಷ್ಟ ಆಯ್ತು.”

ಅಮ್ಮನ ಮುಖದಲ್ಲಿ ಏನೋ ಸರಿದುಹೋಯಿತು. ನಗುವಿರಲಿಕ್ಕಿಲ್ಲ ಅಂದುಕೊಂಡೆ.

“ಏನ್ ವಿಷಯ ಬಂದಿರಿ?”

ನಾನು ಕಣ್ಣಿನಲ್ಲೇ ಬೇಡ ಬೇಡ ಎಂದೆ. ಮಾತು ಬದಲಿಸಲಿ, ಬೀದಿಯಲ್ಲಿ ಹೋಗುತ್ತಿದ್ದೆವು ಎನ್ನಲಿ, ನಾಳೆ ಬರಲಿ. ಹರಿದಾಸರಿಗೆ ಸುಳ್ಳು ಹೇಳಲು ಬಂದರೆ ತಾನೇ. “ಟೀಚರನ್ನು ಕೇಳ್ಲಿಕ್ಕೆ ಬಂದದ್ದು ಅಮ್ಮ. ಮದುವೆಗೆ. ಅವರಿಗೆ ಒಪ್ಪಿಗೆ ಉಂಟು. ನೀವು ಕೊಟ್ರೆ ಮಾತ್ರ.”

ಜಪಮಾಲೆ ನಿಂತಿತು. ಅಮ್ಮ ನನ್ನನ್ನು ನೋಡಲಿಲ್ಲ. ಕಿಟಕಿಯ ಆಚೆ ಕೊಡಗಳ ಜಗಳ ಕೇಳಿಸುತ್ತಿತ್ತು.

“ಮನೆ ಎಲ್ಲಿ?”

“ವೇಲಚೇರಿ. ಫ್ಲಾಟು.”

“ಮಳೆ ಬಂದ್ರೆ ಅಲ್ಲಿ ನೀರು ನಿಲ್ಲತ್ತಂತಲ್ಲ.”

“ನಿಲ್ತದೆ. ನಮ್ಮದು ಎರಡನೇ ಮಾಳಿಗೆ.”

ಅಮ್ಮ ಎದ್ದು ದೇವರ ಮನೆಗೆ ಹೋದಳು. ಬರುವಾಗ ಕೈಯಲ್ಲಿ ಒಂದು ತೆಂಗಿನಕಾಯಿ, ಅದರ ಮೇಲೆ ಒಂದು ದಳ ತುಳಸಿ. “ಏಕಾದಶಿ ದಿನ ಏನೂ ಉಪಚಾರ ಮಾಡೋ ಹಾಗಿಲ್ಲ. ಬರಿಗೈಲಿ ಕಳಿಸಬಾರದು, ತಗೊಳ್ಳಿ” ಎಂದು ಹರಿದಾಸರ ಎರಡೂ ಕೈಯಲ್ಲಿಟ್ಟಳು. ಆಮೇಲೆ ಪಂಚಪಾತ್ರೆಯಿಂದ ಒಂದು ಉದ್ಧರಣೆ ನೀರು ಬಿಟ್ಟು ಕೈ ಒರೆಸಿಕೊಂಡಳು. ವಿನೋದಕ್ಕನ ಕಣ್ಣು ತುಂಬಿತು. ಪಾಪ, ಅವಮಾನವಾಯಿತೆಂದು ನನಗೆ ಸಂಕಟವಾಯಿತು. ಗಂಡಿನ ಕಡೆಯವರನ್ನು ಒಂದು ತೆಂಗಿನಕಾಯಿ ಕೊಟ್ಟು ಸಾಗಹಾಕಿದ್ದನ್ನು ನಾನು ಎಷ್ಟು ಸಲ ನೋಡಿಲ್ಲ.

ಹರಿದಾಸರು ಬಾಗಿಲವರೆಗೆ ಹೋಗಿ ತಿರುಗಿ ನಿಂತರು. “ನಾಳೆ ನಿಮ್ಮ ಪಾರಣೆಯ ಅಡಿಗೆ ನಾನೇ ಬಂದು ಮಾಡ್ಲಾ ಅಮ್ಮ? ತಂದದ್ದು ನಿಮ್ಮ ಬಾಯಿಗೆ ಬರ್ಲಿಲ್ಲ, ಮನಸ್ಸಿಗೆ ಒಂಥರಾ ಆಗ್ತಾ ಉಂಟು.”

“ಮಡಿ ಬರತ್ತಾ ನಿಮಗೆ?”

“ಹೋಟೆಲು ಮಾಡುವ ಮೊದಲು ಮಠದ ಅಡಿಗೆಮನೆಯಲ್ಲೇ ಇದ್ದದ್ದು ನಾನು.”

“ಶರಿ. ಆರಕ್ಕೆ ಬನ್ನಿ” ಎಂದಳು ಅಮ್ಮ.

ಅವರು ಹೋದಮೇಲೆ ನಾನು ಜೇಡವನ್ನೆಲ್ಲ ಹೊಡೆದು ಮುಗಿಸಿದೆ. ಜೇಡವಿಲ್ಲದ ಕಡೆಯೂ ಹೊಡೆದೆ. ಪಂಚಾಂಗ ಬರೆಯುವವರನ್ನೆಲ್ಲ ಒಂದೇ ಕೋಣೆಯಲ್ಲಿ ಕೂಡಿಹಾಕಿ, ಒಂದು ಏಕಾದಶಿಗೆ ಒಪ್ಪುವವರೆಗೆ ಬೀಗ ತೆಗೆಯಬಾರದು ಎಂದು ವೃಂದಾಳಿಗೆ ಹೇಳಿದೆ. ಅವಳು, “ಬಿಡುಂಗೋ ಅತ್ತೆ, ನಾಳೆ ಇನ್ನೊರು ಚಾನ್ಸ್ ಇರುಕ್ಕು” ಎಂದಳು. ಅದೊಂದೇ ಆಸೆ. ನಾಳೆ ನಿಜವಾದ ದ್ವಾದಶಿ, ಅಮ್ಮನ ಹೊಟ್ಟೆ ತುಂಬಿರುತ್ತದೆ, ನಾನೇ ಕೇಳುತ್ತೇನೆ. ನೀರು ಕುಡಿಯದ ತಲೆ ಗಿರ್ರೆನ್ನುತ್ತಿತ್ತು. ಅದು ಉಪವಾಸದ್ದೋ ಪ್ರೀತಿಯದ್ದೋ ನನಗೆ ಬಿಡಿಸಲಾಗಲಿಲ್ಲ.

ಸೋಮವಾರ ಆರು ಹೊಡೆಯುವ ಮುಂಚೆ ಹರಿದಾಸರು ಬಂದರು. ಆ ಬರಗಾಲದಲ್ಲಿ ಅರ್ಧ ಬಕೆಟ್ ನೀರಿನಲ್ಲಿ ಸ್ನಾನ ಮುಗಿಸಿ, ಒದ್ದೆ ಪಂಚೆಯಲ್ಲಿ ಅಡಿಗೆಮನೆ ಹೊಕ್ಕರು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಶನಿವಾರಗಳಲ್ಲಿ ಬರೀ ಕಾಫಿ ಲೋಟ ಹಿಡಿದ ಕೈಗಳು ಇಲ್ಲಿ ಬೇರೆಯಾಗಿದ್ದವು. ಅಗಸೆ ಸೊಪ್ಪಿನ ಪಲ್ಯ, ಹುಣಸೆಹಣ್ಣು ಮುಟ್ಟದ ಮಜ್ಜಿಗೆಹುಳಿ, ನೆಲ್ಲಿಕಾಯಿ ಚಟ್ನಿ, ಕಡಲೆಬೇಳೆ ಬೆಲ್ಲದ ಹಯಗ್ರೀವ. ಅಮ್ಮ ಹೊಸ್ತಿಲಾಚೆ ಮಣೆ ಹಾಕಿಕೊಂಡು ಪರೀಕ್ಷೆ ಹಾಲಿನ ಇನ್ವಿಜಿಲೇಟರಿನ ಹಾಗೆ ಕೂತಿದ್ದಳು.

“ಸೊಪ್ಪು ಇನ್ನೂ ಕೊಂಚ ಬೇಯಲಿ. ತೆಂಗು ಮೇಲಿಂದ ಹಾಕ್ತೀಯಾ, ಅರೆದ್ಯಾ?”

“ಮೇಲಿಂದ ಅಮ್ಮ.”

“ಹಯಗ್ರೀವಕ್ಕೆ ತುಪ್ಪದಲ್ಲಿ ಕೈ ಹಿಡೀಬೇಡ ಮತ್ತೆ. ಹೋಟೆಲ್ ಬುದ್ಧಿ ತೋರಿಸ್ಬೇಡ.”

ನಾನು ವೃಂದಾಳನ್ನು ನೋಡಿದೆ, ವೃಂದಾ ನನ್ನನ್ನು ನೋಡಿದಳು. ನಿನ್ನೆ ಹರಿದಾಸರಿಗೆ ‘ನೀವು’ ಎನ್ನುತ್ತಿದ್ದ ಅಮ್ಮ ಬೆಳಗಾಗುವಷ್ಟರಲ್ಲಿ ‘ನೀನು’ ಎನ್ನುತ್ತಿದ್ದಳು. ಬಾಯಿ ತಪ್ಪಿರಬೇಕು, ಹಸಿದವರಿಗೆ ವ್ಯಾಕರಣ ಎಲ್ಲಿಯದು ಎಂದು ಸುಮ್ಮನಾದೆ.

ಅಮ್ಮ ಊಟ ಮಾಡಿದಳು. ಹಯಗ್ರೀವವನ್ನು ಎರಡು ಸಲ ಹಾಕಿಸಿಕೊಂಡಳು. ಮೂರನೇ ಸಲ ಪಾತ್ರೆಯನ್ನೇ ತನ್ನ ಕಡೆಗೆ ಎಳೆದುಕೊಂಡಳು. ಕೈ ತೊಳೆದು ಗೋಡೆಗೊರಗಿ ಕೂತಳು. ವೃಂದಾ ಹುಬ್ಬು ಹಾರಿಸಿದಳು. ಮುನ್ನೂರು ಹುಡುಗಿಯರನ್ನು ಒಂದೇ ಗದರಿಕೆಗೆ ಸುಮ್ಮನಾಗಿಸುವ ನಾನು ಅಮ್ಮನ ಮುಂದೆ ನೆಲದ ಮೇಲೆ ಕೂತು ಸೆರಗಿನ ತುದಿ ತಿರುಚಿದೆ.

“ಅಮ್ಮ, ನಿನ್ನ ಹತ್ತಿರ ಒಂದು ಕೇಳಬೇಕು.”

“ಏನೂ ಕೇಳಬೇಡ” ಎಂದಳು ಅಮ್ಮ.

ಮುಗಿಯಿತು ಅಂದುಕೊಂಡೆ. ಒಳಗೆ ಸೌಟಿನ ಸದ್ದು ನಿಂತಿತು. ಅಳುವುದಕ್ಕಿಂತ ಸಿಟ್ಟು ಮಾಡುವುದು ನನಗೆ ಸುಲಭ, ಬಾಯಿ ತೆರೆದೆ.

“ಯಾತಕ್ಕೆ ಕೇಳ್ತೀ? ನಿನ್ನೆಯೇ ಕೊಟ್ಟಾಯ್ತಲ್ಲ” ಎಂದಳು ಅಮ್ಮ. “ತುಳಸಿ ಇಟ್ಟು ನೀರು ಬಿಟ್ಟು ಕೊಟ್ಟದ್ದು ಕಣ್ಣಿಗೆ ಬೀಳ್ಲಿಲ್ವಾ ನಿಂಗೆ? ಹಾಗೆ ಕೊಟ್ಟದ್ದನ್ನ ವಾಪಸ್ ತಗೊಳ್ಳಕ್ಕಾಗತ್ತಾ? ಅವರಕ್ಕಂಗೆ ತಿಳೀತು. ನಿಂಗೆ ತಿಳೀಲಿಲ್ಲ. ಏನ್ ಓದಿದ್ಯೋ.”

ತುಳಸಿ ಇಟ್ಟು ನೀರು ಬಿಟ್ಟರೆ ದಾನ. ಕೊಟ್ಟವರಿಗೆ ಆಮೇಲೆ ಅದರ ಮೇಲೆ ಹಕ್ಕಿಲ್ಲ. ಹುಟ್ಟಿದಾಗಿನಿಂದ ನೋಡಿದ್ದು. ಜೇಡದ ಪೊರಕೆ ಹಿಡಿದು ನಿಂತಿದ್ದವಳಿಗೆ ಕಂಡಿರಲಿಲ್ಲ.

“ನಿನ್ನೆ ಯಾಕಮ್ಮ? ನಿನ್ನೆ ನೀನು ಉಪವಾಸ ಇದ್ದೆ” ಎಂದೆ.

“ಅದಕ್ಕೇ” ಎಂದಳು. “ನೀವೆಲ್ಲ ದ್ವಾದಶಿ ಕಾದು ಬಂದು ಕೇಳ್ತೀರ, ನನಗೆ ಗೊತ್ತಿಲ್ವಾ. ಟೀವಿ, ಮಿಕ್ಸಿ, ಅದೆಲ್ಲ ಶರಿ. ಹೊಟ್ಟೆ ತುಂಬಿದಾಗ ಮನಸು ಇನ್ನೂ ಬೇಕು, ಇನ್ನೂ ಬೇಕು ಅನ್ನತ್ತೆ ಕಣೇ. ಇವತ್ತು ಕೇಳಿದ್ರೆ ನಿನ್ನ ಕೊಡಕ್ಕೆ ನನ್ನ ಕೈಲಿ ಆಗ್ತಿರ್ಲಿಲ್ಲ. ಏಕಾದಶಿ ದಿನ ಏನೂ ಬೇಡ ಅಂತ ಕೂತಿರ್ತೀನಲ್ಲ, ಅವತ್ತೊಂದು ದಿನವೇ ಬಿಡಕ್ಕಾಗೋದು. ನಿಮ್ಮಪ್ಪನ್ನೂ ಅವತ್ತೇ ಬಿಟ್ಟುಕೊಟ್ಟೆ.”

ಇಷ್ಟು ವರ್ಷ ಕೋಷ್ಟಕ ಓದಿಸಿದವಳು ನಾನು. ನನ್ನ ಅಮ್ಮನನ್ನು ಫ್ಲೋರಿನ್ ಎಂದು ಬರೆದು ಕೆಂಪು ಗೆರೆ ಎಳೆದಿಟ್ಟಿದ್ದೆ. ಹದಿನೈದು ದಿನಕ್ಕೊಮ್ಮೆ ಅವಳು ಎದ್ದು ಬಲತುದಿಯ ಸಾಲಿಗೆ ಹೋಗಿ, ಏನೂ ಬೇಡದವಳಾಗಿ ಕೂತು ಬರುತ್ತಾಳೆಂಬುದು ನನಗೆ ಗೊತ್ತೇ ಇರಲಿಲ್ಲ. ನೋಬಲ್ ಗ್ಯಾಸ್ ಎಂಬ ಹೆಸರು ಹೊತ್ತ ನಾನು ಮಾತ್ರ ಅವಳ ಮಂಡಿಯ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತೆ. ಅಳುತ್ತಲೇ ನಗು ಬಂತು. ವೃಂದಾ ನಮ್ಮಿಬ್ಬರನ್ನೂ ಬಿಟ್ಟು ಅಡಿಗೆಮನೆಯ ಬಾಗಿಲಿಗೆ ಓಡಿ, “ಅಂಕಲ್, ಅಜ್ಜಿ ಓಕೆ ಸೊಲ್ಲಿಟ್ಟಾಂಗ” ಎಂದಳು. ಒಳಗೆ ಏನೋ ಪಾತ್ರೆ ಬಿದ್ದು ಉರುಳಿತು.

“ಹುಷಾರು, ಮಜ್ಜಿಗೆಹುಳಿ ಇನ್ನೂ ಇದೆ” ಎಂದಳು ಅಮ್ಮ. ಆಮೇಲೆ ತುಸು ದನಿ ಎತ್ತರಿಸಿ, “ಏ ಹರಿದಾಸ, ಒಂದು ಮಾತು. ಇನ್ಮೇಲೆ ನನ್ನ ಪ್ರತಿ ದ್ವಾದಶಿಗೂ ಅಡಿಗೆ ನಿಂದೇ. ನಮ್ಮ ಪಂಚಾಂಗದ ದ್ವಾದಶಿ, ನಿಮ್ಮದಲ್ಲ. ಇವಳನ್ನೂ ಕರ್ಕೊಂಡು ಹಿಂದಿನ ರಾತ್ರಿಯೇ ಬಂದುಬಿಡಬೇಕು.”

“ಆಯ್ತಮ್ಮ.” ಅಮ್ಮನ ಮಾತು ಮುಗಿಯುವ ಮುಂಚೆಯೇ ಉತ್ತರ ಬಂದಿತ್ತು.

“ಇವಳು ಶುಕ್ರವಾರಗಳಲ್ಲೂ ಬರ್ಲಿ. ಮತ್ತೆ ಮಳೆಗಾಲದಲ್ಲಿ ವೇಲಚೇರಿ ಬೇಡ, ಇಲ್ಲೇ ಇರಿ ಇಬ್ಬರೂ.”

“ಆಯ್ತಮ್ಮ.”

ದ್ವಾದಶಿ, ಹೊಟ್ಟೆ ತುಂಬಿದೆ. ಅವಳು ಹೇಳಿದ್ದು ನಿಜವೇ, ಬೇಕು ಬೇಕು ಎಂಬುದು ಆಗಲೇ ಶುರುವಾಗಿತ್ತು. ನಾನು ಕಣ್ಣು ಒರೆಸಿಕೊಂಡು ಏಳಲು ಹೋದೆ. ಏಳಲಾಗಲಿಲ್ಲ. ಕೊಟ್ಟಾಯಿತು ಎಂದವಳು ಅಷ್ಟು ಹೊತ್ತೂ ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡೇ ಇದ್ದಳು. ನಾನು ಮತ್ತೆ ಕೂತುಕೊಂಡೆ.